ಸಣ್ಣ ತಿದ್ದುಪಡಿ

ಹೊಸ ಡಿಸೈನರ್ ಆಫೀಸಿಗೆ ಬಂದ ದಿನ ಅವಳು ಕುರ್ಚಿಯಿಂದ ಎದ್ದು, ನಗುತ್ತಾ ಕೈ ಚಾಚಿದಳು. ಅವನು ಅವಳ ಮುಖವನ್ನೇ ನೇರವಾಗಿ ನೋಡಿ, ಚೆಂದಾಗಿ ನಕ್ಕು, ಚಾಚಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ಮುಂದೆ ನಡೆದುಬಿಟ್ಟ.

ಆ ಕೈಯನ್ನು ಏನು ಮಾಡುವುದೆಂದು ತೋಚದೆ, ಸರಿಯಾಗಿಯೇ ಇದ್ದ ತಲೆಗೂದಲನ್ನು ಅವಳು ಇನ್ನೊಮ್ಮೆ ಸರಿಮಾಡಿಕೊಂಡಳು. ಪಕ್ಕದ ಮೇಜಿನವರು ಕೆಮ್ಮಿದರು. ಸಂಜೆಯೊಳಗೆ ಅವನಿಗೊಂದು ಅಡ್ಡಹೆಸರು ಬಿದ್ದಿತ್ತು: ಮಹಾರಾಜ. ಅತ್ತ ನೋಡುವುದಿಲ್ಲ, ಇತ್ತ ನೋಡುವುದಿಲ್ಲ. ನಡೆದು ಬಂದರೆ ಉಳಿದವರೇ ದಾರಿ ಬಿಡಬೇಕು.

ಅವಳಿಗೂ ಒಂದು ಅಡ್ಡಹೆಸರಿತ್ತು. ಶಾಲೆ, ಅಂಗಡಿ, ಕ್ಲಿನಿಕ್ಕುಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹದಿನಾಲ್ಕು ಜನರ ಆ ಆಫೀಸಿನಲ್ಲಿ ಅವಳು ಟೆಸ್ಟರ್. ಬೇರೆಯವರು ಕಟ್ಟಿದ್ದು ಗಿರಾಕಿಯ ಕೈ ಸೇರುವ ಮೊದಲು ಅದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಒಂದೇ ಫಾರ್ಮನ್ನು ಅರವತ್ತು ಸಲ ತುಂಬಿ ಬೆರಳು ಸವೆದ ಮೇಲೆ, ತಾನಾಗಿಯೇ ಬ್ರೌಸರ್ ತೆರೆದು, ಸುಳ್ಳು ಹೆಸರು ತುಂಬಿ, ಬಟನ್ ಒತ್ತಿ ಬರುವ ಪುಟ್ಟ ಪುಟ್ಟ ಕೋಡ್ ತುಣುಕುಗಳನ್ನು ಬರೆದಿಟ್ಟುಕೊಂಡಿದ್ದಳು. ಎಲ್ಲ ಚೌಕಕ್ಕೂ ಒಂದೇ ಏಟಿಗೆ ಟಿಕ್ ಹಾಕುವುದೊಂದು. ಪುಟದ ತಳ ಮುಟ್ಟುವವರೆಗೆ ಇಳಿಯುತ್ತಲೇ ಹೋಗುವುದೊಂದು. ಮುಖಕ್ಕೆ ಅಡರುವ ಜಾಹೀರಾತನ್ನು ಕಿತ್ತೆಸೆಯುವುದೊಂದು. ಐದು ಸಾಲು, ಹತ್ತು ಸಾಲು, ಅಷ್ಟೇ. ಎಲ್ಲವನ್ನೂ ಆಫೀಸಿನವರೆಲ್ಲ ತೆರೆಯಬಹುದಾದ ಒಂದು ಪುಟದಲ್ಲಿ ಹಾಕಿಟ್ಟಿದ್ದಳು. ಯಾರಿಗೆ ಏನು ಬೇಕಾದರೂ "ತುಣುಕಮ್ಮಾ, ಒಂದು ತುಣುಕು ಕೊಡಿ" ಎಂದು ಬರುತ್ತಿದ್ದರು. ಮೂವತ್ತೆರಡಕ್ಕೇ ಇಡೀ ಆಫೀಸಿಗೆ ಅಮ್ಮ ಆಗಿಬಿಟ್ಟಿದ್ದಳು.

ಪ್ರತಿ ತುಣುಕಿನ ನೆತ್ತಿಯ ಮೇಲೂ ಎರಡು ಓರೆ ಗೆರೆ ಎಳೆದು, ಅದೇನು ಮಾಡುತ್ತದೆ ಎಂದು ಒಂದು ಸಾಲು ಬರೆಯುತ್ತಿದ್ದಳು. ಹಾಗೆ ಗೆರೆ ಎಳೆದ ಸಾಲನ್ನು ಬ್ರೌಸರ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದು ಮನುಷ್ಯರಿಗೆ ಮಾತ್ರ. ಮೂರನೇ ವಾರ, ಮೆಟ್ಟಿಲ ಹತ್ತಿರ ಮತ್ತೊಮ್ಮೆ ಅವನು ಕಂಡೂ ಕಾಣದಂತೆ ಹೋದ ಸಿಟ್ಟಿಗೆ, ಜಾಹೀರಾತು ಕೀಳುವ ತುಣುಕಿನ ಮೇಲೆ ಹೀಗೆ ಬರೆದಳು:

// ಕಣ್ಣಿಗೆ ಅಡ್ಡ ಬರುವುದನ್ನೆಲ್ಲ ತೆಗೆಯುತ್ತದೆ. ಮಹಾರಾಜರಿಗೆ ಬೇಕಾಗದು, ಅವರಿಗೆ ಹೇಗೂ ಯಾರೂ ಕಾಣಿಸುವುದಿಲ್ಲ.

ಊಟದ ಹೊತ್ತಿಗೆ ಅದರ ಕೆಳಗೆ ಇನ್ನೊಂದು ಸಾಲು ಬಂದಿತ್ತು.

// ಮಾತು ನಿಜ. ತಾರಸಿಗೆ ಬಂದರೆ ವಿವರಿಸುತ್ತೇನೆ. ಇಂತಿ, ಮಹಾರಾಜ.

ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಅವನು ನಿಂತಿದ್ದ. ಅವಳು ಸಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಹಾಳೆಯನ್ನು ಸುರುಳಿ ಸುತ್ತಿ ಅವಳಿಗೆ ಕೊಟ್ಟ.

"ಒಂದು ಕಣ್ಣು ಮುಚ್ಚಿ ಇದರೊಳಗಿಂದ ನೋಡಿ. ಏನು ಕಾಣ್ತಿದೆ?"

ಅವಳು ನೋಡಿದಳು. ಅವನ ಒಂದು ಕಣ್ಣು, ಅರ್ಧ ಹುಬ್ಬು. ರೆಪ್ಪೆ ಗಂಡಸಿಗೆ ದಂಡವಾಗುವಷ್ಟು ಉದ್ದ. ಕಣ್ಣಿನ ಅಂಚಿಗೆ ಸಾಸಿವೆಯಷ್ಟು ಒಂದು ಮಚ್ಚೆ.

"ನಿಮ್ಮ ಕಣ್ಣು," ಅಂದಳು.

"ನನ್ನ ಕೈ?"

"ಕಾಣ್ತಿಲ್ಲ."

"ಚಾಚಿದ್ದೀನಿ."

ಸುರುಳಿ ಕೆಳಗಿಳಿಸಿದಳು. ಅವನು ನಿಜಕ್ಕೂ ಕೈ ಚಾಚಿ ನಿಂತಿದ್ದ. ಅವಳ ಕಿವಿ ಬಿಸಿಯಾಯಿತು.

"ನನಗೆ ಇಡೀ ದಿನ ಹೀಗೇ," ಅಂದ ಅವನು. "ವರ್ಷ ಕಳೆದ ಹಾಗೆ ಸುರುಳಿ ಇನ್ನೂ ಬಿಗಿ ಆಗತ್ತೆ. ಔಷಧಿ ಇಲ್ಲ. ಎರಡು ವರ್ಷ ಅಂತಾರೆ ಡಾಕ್ಟರು, ಕಮ್ಮಿನೂ ಆಗಬಹುದು. ಇಲ್ಲಿ ಯಾರಿಗೂ ಹೇಳಿಲ್ಲ. ಕಣ್ಣು ಕಾಣದ ಡಿಸೈನರ್‌ನ ಯಾರು ಇಟ್ಕೋತಾರೆ ಹೇಳಿ?"

"ಮತ್ತೆ ನನಗ್ಯಾಕೆ ಹೇಳಿದ್ರಿ?"

"ಬೇರೆಯವರು ಬೆನ್ನ ಹಿಂದೆ ಬೈತಾರೆ. ನೀವು ಎಲ್ಲರಿಗೂ ಕಾಣೋ ಹಾಗೆ ಬರೆದು ಬೈದ್ರಿ. ಇವರ ಹತ್ರ ಮಾತಾಡಬಹುದು ಅನ್ನಿಸ್ತು."

ಅವಳು ಆ ಕೈ ಹಿಡಿದು ಕುಲುಕಿದಳು. ಕುಲುಕಿ ಮುಗಿದ ಮೇಲೂ ಬಿಡುವುದು ಇಬ್ಬರಿಗೂ ಒಂದು ಗಳಿಗೆ ಮರೆತುಹೋಯಿತು.

ಅಂದಿನಿಂದ ತುಣುಕುಗಳು ಅವನಿಗಾಗಿ ಹುಟ್ಟತೊಡಗಿದವು.

ಯಾವ ಪುಟವಾದರೂ ಒಂದು ಕೀಲಿ ಒತ್ತಿದರೆ ಅಕ್ಷರ ಹೆಬ್ಬೆರಳ ಗಾತ್ರ ಆಗುವಂಥದ್ದು. ಬಿಳಿ ಹಾಳೆಯನ್ನು ಕಪ್ಪು ಮಾಡಿ ಅಕ್ಷರವನ್ನು ಬಿಳಿ ಮಾಡುವಂಥದ್ದು. ಪರದೆಯ ಮೇಲೆ ಮೌಸಿನ ಬಾಣ ಎಲ್ಲಿ ಕಳೆದುಹೋದರೂ ಅದರ ಸುತ್ತ ಬಳೆಯಂಥ ಹಳದಿ ಉಂಗುರ ತೋರಿಸುವಂಥದ್ದು. ಅದರ ಮೇಲೆ ಅವಳು ಬರೆದದ್ದು:

// ಕಳೆದುಹೋದವರನ್ನು ಹುಡುಕಿಕೊಡುತ್ತದೆ.

ಅವನು ಕೆಳಗೆ ಬರೆದ:

// ಉಂಗುರ ತೊಡಿಸಿದ್ದೀರಿ. ಮನೆಯಲ್ಲಿ ಕೇಳಿದ್ದೀರಾ?

ಅದನ್ನು ಓದಿ ಅವಳು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ, ಮುಖಕ್ಕೇ ನೀರು ಹಾಕಿಕೊಂಡು ಬಂದಳು. ಯಾರಾದರೂ ಓದಿಬಿಟ್ಟಾರೆಂದು ಇಬ್ಬರ ಸಾಲನ್ನೂ ಅಳಿಸಿದಳು. ಅಳಿಸುವ ಮೊದಲು ತನ್ನ ಡೈರಿಗೆ ಬರೆದುಕೊಂಡಳು.

ಕಡೆಗೆ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತುಣುಕೊಂದನ್ನು ಮಾಡಿಕೊಟ್ಟಳು. ಹೆಡ್‌ಫೋನಿನಲ್ಲಿ ಒಂದು ಯಂತ್ರದ ಹೆಣ್ಣುದನಿ, ಏರಿಳಿತವೇ ಇಲ್ಲದೆ, ಮದುವೆಯ ಕರೆಯೋಲೆಯನ್ನೂ ಸಾವಿನ ಸುದ್ದಿಯನ್ನೂ ಒಂದೇ ರಾಗದಲ್ಲಿ ಓದುತ್ತಿತ್ತು.

"ನಿನ್ನ ದನಿಯಲ್ಲಿ ಓದೋ ಹಾಗೆ ಮಾಡಕ್ಕಾಗಲ್ವಾ?" ಎಂದು ಅವನು ಕೇಳಿದ.

'ನೀವು' ಯಾವಾಗ 'ನೀನು' ಆಯಿತೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

"ನನ್ನ ದನಿ ದುಬಾರಿ."

"ಎಷ್ಟು?"

"ಜೀವನಪೂರ್ತಿ ಕೇಳಬೇಕಾಗತ್ತೆ. ಕಂತಿನಲ್ಲಿ ಕೊಡಲ್ಲ."

ಅವನು ನಕ್ಕ. ನಗುವಾಗ ಇಡೀ ತಲೆ ತಿರುಗಿಸಿ ಅವಳನ್ನು ನೋಡುತ್ತಿದ್ದ. ಓರೆನೋಟ ಎನ್ನುವುದು ಅವನಿಗೆ ಸಾಧ್ಯವೇ ಇರಲಿಲ್ಲ. ನೋಡಿದರೆ ನೆಟ್ಟ ನೋಟವೇ. ಮೊದಲು ಹಣೆ, ಆಮೇಲೆ ಒಂದು ಕಣ್ಣು, ಇನ್ನೊಂದು ಕಣ್ಣು, ಮೂಗು, ತುಟಿಯ ಮೂಲೆ. ಅವನ ದೃಷ್ಟಿ ಈಗ ಎಲ್ಲಿದೆ ಎನ್ನುವುದು ಅವಳಿಗೆ ಚರ್ಮದ ಮೇಲೇ ಗೊತ್ತಾಗುತ್ತಿತ್ತು. ಯಾರೂ ಅವಳನ್ನು ಅಷ್ಟು ಪುರುಸೊತ್ತಾಗಿ ನೋಡಿರಲಿಲ್ಲ.

ಅವಳ ಮನೆಯಲ್ಲಿದ್ದದ್ದು ಅಪ್ಪ ಒಬ್ಬರೇ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವರು. ಈಗಲೂ ಬೆಳಗಿನ ಪೇಪರನ್ನು ಕೆಂಪು ಪೆನ್ನಿಲ್ಲದೆ ಓದುತ್ತಿರಲಿಲ್ಲ. ತಪ್ಪು ಕಂಡರೆ ಕೈ ಕಡಿಯುವ ಆ ರೋಗ ಮಗಳಿಗೂ ಬಂದಿತ್ತು.

ನಾಲ್ಕೈದು ತಿಂಗಳಲ್ಲಿ ಅವನಿಗೆ ಬಣ್ಣಗಳೂ ಕೈಕೊಡತೊಡಗಿದವು. ಅದು ಅವನಿಗಿಂತ ಮೊದಲು ಗೊತ್ತಾದದ್ದು ಅವಳಿಗೆ.

ದಿನಾ ಬೆಳಗ್ಗೆ ಎಂಟಕ್ಕೆ ಅವಳ ಒಂದು ತುಣುಕು ತಾನಾಗಿ ಎದ್ದು, ಹಿಂದಿನ ದಿನ ಕಟ್ಟಿದ ಪುಟಗಳನ್ನೆಲ್ಲ ಬ್ರೌಸರಿನಲ್ಲಿ ತೆರೆದು, ಫೋಟೋ ತೆಗೆದು, ಗಿರಾಕಿ ಒಪ್ಪಿದ ನಕ್ಷೆಯ ಮೇಲೆ ಇಟ್ಟು ನೋಡುತ್ತಿತ್ತು. ವ್ಯತ್ಯಾಸ ಇದ್ದಲ್ಲಿ ಕೆಂಪು. ಅವನ ಪುಟಗಳಲ್ಲಿ ಒಂದು ದಿನ ಮೂರು ಕೆಂಪು ಚುಕ್ಕೆ ಬಂದವು. ಮರುದಿನ ಐದು. ತಿಂಗಳೊಳಗೆ ಪುಟಕ್ಕೆ ದಡಾರ ಎದ್ದ ಹಾಗಾಯಿತು. ಹಸಿರಿದ್ದಲ್ಲಿ ನೀಲಿ, ಅಂಚು ಒಂದು ಬೆರಳು ಆಚೆ, ಬೂದು ಬಣ್ಣದ ಮೇಲೆ ಬೂದು.

ಹೇಳಬೇಕು ಅಂದುಕೊಂಡಳು. ನಾಳೆ ಹೇಳೋಣ ಅಂದುಕೊಂಡಳು. ಮರುದಿನ ಅವನು ಮೆಟ್ಟಿಲು ಎಣಿಸುತ್ತಾ ಹತ್ತಿ ಬಂದು, "ಇವತ್ತು ಒಂದ್ಸಲನೂ ಎಡವಲಿಲ್ಲ ಗೊತ್ತಾ?" ಅಂದ. ಇವತ್ತು ಬೇಡ ಅಂದುಕೊಂಡಳು.

ತಾನೇ ತಿದ್ದಿದಳು. ಉಳಿದವರು ಬರುವುದು ಒಂಬತ್ತೂವರೆಗೆ. ಅವಳು ಎಂಟಕ್ಕೇ ಬಂದು ಕೂರುತ್ತಿದ್ದಳು. ಮಾಡಿದ ಪ್ರತಿ ಬದಲಾವಣೆಯನ್ನೂ, ಮಾಡಿದವರ ಹೆಸರು ಮತ್ತು ಗಂಟೆಯ ಸಮೇತ, ಆಫೀಸಿನ ಸಿಸ್ಟಮ್ ಬರೆದಿಟ್ಟುಕೊಳ್ಳುತ್ತಿತ್ತು. ಏನು ಬದಲಾಯಿಸಿದಿರಿ ಎಂದು ಒಂದು ಸಾಲು ಬರೆಯದೆ ಮುಂದೆ ಬಿಡುತ್ತಿರಲಿಲ್ಲ. ಅವಳು ಪ್ರತಿ ಸಲವೂ ಎರಡೇ ಶಬ್ದ ಬರೆಯುತ್ತಿದ್ದಳು: ಸಣ್ಣ ತಿದ್ದುಪಡಿ.

ಮೂರು ತಿಂಗಳು ಹೀಗೆ ನಡೆಯಿತು. ಒಂದು ದಿನ ಮ್ಯಾನೇಜರು ಎಲ್ಲರ ಮುಂದೆ ಅವನ ಬೆನ್ನು ತಟ್ಟಿದರು. "ಕಲೀರಪ್ಪಾ ಇವರನ್ನ ನೋಡಿ. ಮೂರು ತಿಂಗಳಲ್ಲಿ ಗಿರಾಕಿ ಒಂದು ಸಲ ತಕರಾರು ಎತ್ತಿಲ್ಲ!"

ಅಂದು ಊಟದ ಹೊತ್ತಿಗೆ ತಾರಸಿಯಲ್ಲಿ ಅವನ ಮುಖ ಹಬ್ಬದಂತಿತ್ತು. ಬಿಸಿಲಿಗೆ ಅವಳನ್ನು ನಿಲ್ಲಿಸಿಕೊಂಡು ಇಡೀ ಮುಖವನ್ನು ಒಂದು ಸುತ್ತು ಓದಿದ.

"ಕಣ್ಣು ಹೋಗ್ತಿದೆ, ಆದರೆ ಕೈಗೆ ಅಭ್ಯಾಸ ಇದೆ ನೋಡು. ಕೈಗೇ ಬಣ್ಣ ಗೊತ್ತಾಗತ್ತೆ ಅಂತ ಕಾಣತ್ತೆ." ಆಮೇಲೆ ತಡವರಿಸಿ ಹೇಳಿದ, "ನಾನು ಮದುವೆ ಗಿದುವೆ ಅಂತೆಲ್ಲ ಯೋಚನೆ ಬಿಟ್ಟುಬಿಟ್ಟಿದ್ದೆ. ಯಾರ ಕುತ್ತಿಗೆಗೂ ನಾನು ಗಂಟುಬೀಳಬಾರದು ಅಂತ. ಆದರೆ ಕೆಲಸ ಹೀಗೇ ನಡೆದ್ರೆ, ನಿಮ್ಮಪ್ಪನ ಹತ್ರ ಬಂದು ಮಾತಾಡಬಹುದು ಅನ್ನಿಸ್ತಿದೆ. ಬರಲಾ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳಿಗೆ ಅದು ಗೊತ್ತಿತ್ತು. ಆದರೆ ಮೂವತ್ತೆರಡು ವರ್ಷದಲ್ಲಿ ಯಾರೂ ಅವಳನ್ನು 'ಬರಲಾ' ಎಂದು ಕೇಳಿರಲಿಲ್ಲ.

"ಬಾ," ಅಂದಳು. "ಭಾನುವಾರ ಬಾ. ಅಪ್ಪ ಮನೇಲಿರ್ತಾರೆ."

ಗುರುವಾರ ಅಪ್ಪನಿಗೆ ಜ್ವರ ಏರಿತು. ನೂರಮೂರು. ಬೆಳಗ್ಗೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಬಳಿ ಓಡಿದಳು. ಸಾಲಿನಲ್ಲಿ ಕೂತು, ರಕ್ತ ಕೊಡಿಸಿ, ಮಾತ್ರೆ ತಂದು, ಗಂಜಿ ಕುಡಿಸುವಾಗ ಗಡಿಯಾರ ನೋಡಿದಳು. ಹನ್ನೆರಡೂವರೆ. ಇವತ್ತು ಅವನ ಪುಟವನ್ನು ತಿದ್ದಿರಲಿಲ್ಲ.

ಆ ದಿನ ಗಿರಾಕಿಗೆ ಹೋಗಬೇಕಿದ್ದದ್ದು ಒಂದು ಕ್ಲಿನಿಕ್ಕಿನ ಪುಟ. ರೋಗಿಗಳು ಡಾಕ್ಟರ ಸಮಯ ಕಾದಿರಿಸುವ ಬಟನ್ನೇ ಅದರ ಜೀವಾಳ. ಅದು ಬಿಳಿಯ ಮೇಲೆ ಬಿಳಿಯಾಗಿ ಹೋಗಿತ್ತು. ಯಾರಿಗೂ ಕಾಣಲಿಲ್ಲ. ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಕ್ಲಿನಿಕ್ಕಿನ ಫೋನು ಬಡಿದುಕೊಂಡಿತು. ಆಮೇಲೆ ಮ್ಯಾನೇಜರ ಫೋನು ಬಡಿದುಕೊಂಡಿತು.

ಮರುದಿನ ಎಂಟಕ್ಕೆ ಅವಳು ಬಾಗಿಲು ತಳ್ಳಿ ಒಳಗೆ ಬಂದಾಗ ಅವನು ಆಗಲೇ ಬಂದು ಅವಳ ಕುರ್ಚಿಯಲ್ಲಿ ಕೂತಿದ್ದ.

"ಅಪ್ಪ ಹೇಗಿದ್ದಾರೆ?"

"ಜ್ವರ ಇಳೀತು."

"ಸದ್ಯ." ಅವನು ಹೆಡ್‌ಫೋನ್ ಚಾಚಿದ. "ಇದನ್ನ ಸ್ವಲ್ಪ ಕೇಳು."

ಅವಳು ಹಾಕಿಕೊಂಡಳು. ಅವಳೇ ಕೊಟ್ಟ ಯಂತ್ರದ ದನಿ, ಅವಳ ಹೆಸರು, ತಾರೀಖು, ಗಂಟೆ ಹೇಳುತ್ತಿತ್ತು. ಎಂಟು ಹತ್ತು, ಸಣ್ಣ ತಿದ್ದುಪಡಿ. ಎಂಟು ಹದಿನಾಲ್ಕು, ಸಣ್ಣ ತಿದ್ದುಪಡಿ. ಎಂಟು ಮೂವತ್ತು, ಸಣ್ಣ ತಿದ್ದುಪಡಿ. ಏರಿಳಿತವಿಲ್ಲ, ಉಸಿರಿಲ್ಲ. ಅವಳು ಹೆಡ್‌ಫೋನ್ ತೆಗೆದಿಟ್ಟಳು.

"ನಿನ್ನೆ ಮ್ಯಾನೇಜರು ಬೈದಾಗ ನನಗೆ ಬೇಜಾರಾಗಲಿಲ್ಲ," ಅಂದ ಅವನು. "ದಿನಾ ಮಾಡೋ ಹಾಗೇ ನಿನ್ನೆನೂ ಮಾಡಿದ್ದೆ. ಹಾಗಿದ್ರೆ ದಿನಾ ಹೇಗೆ ಸರಿ ಇತ್ತು ಅಂತ ಅನುಮಾನ ಬಂತು. ಹುಡುಕಿದೆ. ಇನ್ನೂರ ಹದಿನಾಲ್ಕು. ಒಂದೂ ಬಿಡದೆ ಕೇಳಿದೆ."

"ಹೇಳಬೇಕು ಅಂತಿದ್ದೆ."

"ಯಾವಾಗ? ನಾನು ನಿಮ್ಮಪ್ಪನ ಮುಂದೆ ಕೂತು 'ಇನ್ನೂ ದುಡೀತೀನಿ ಸಾರ್' ಅಂತ ಎದೆ ತಟ್ಟಿಕೊಂಡ ಮೇಲಾ?"

"ನಿನ್ನ ಕೆಲಸ ಉಳೀಲಿ ಅಂತ ಮಾಡಿದೆ. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ ಕಣೋ."

"ಮುಖಕ್ಕೆ ಬೈತಾಳೆ ಅಂತ ತಾನೇ ನಿನ್ನ ನಂಬಿದ್ದು?" ಅವನ ದನಿ ಏರಲಿಲ್ಲ. "ನನ್ನ ಕಣ್ಣು ಎಷ್ಟು ಹೋಗಿದೆ ಅಂತ ಇಡೀ ಜಗತ್ತಲ್ಲಿ ನಿನಗೊಬ್ಬಳಿಗೆ ಸರಿಯಾಗಿ ಗೊತ್ತಿತ್ತು. ಡಾಕ್ಟರಿಗಿಂತ ಚೆನ್ನಾಗಿ, ದಿನದ ಲೆಕ್ಕದಲ್ಲಿ. ನನಗೇ ಗೊತ್ತಿರಲಿಲ್ಲ."

ಅವಳು ಅಳುತ್ತಿದ್ದಳು. "ನಾನು ನಿನ್ನ ಪ್ರೀತಿಸ್ತೀನಿ," ಅಂದಳು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಗೊತ್ತು. ರಾತ್ರಿಯಿಡೀ ಅದನ್ನೇ ತಾನೇ ಕೇಳಿದ್ದು. ಇನ್ನೂರ ಹದಿನಾಲ್ಕು ಸಲ."

ಅವನು ಎದ್ದ. ಮೇಜಿನ ಅಂಚು ಸವರಿಕೊಂಡು ಮ್ಯಾನೇಜರ ಕೋಣೆಯ ಹೊರಗಿನ ಬೆಂಚಿಗೆ ಹೋಗಿ, ಅವರು ಬರುವವರೆಗೆ ಕಾದು, ಕಣ್ಣಿನ ವಿಷಯ ತಾನೇ ಹೇಳಿ, ಕೆಲಸ ಬಿಟ್ಟ. ಭಾನುವಾರ ಅವನು ಬರಲಿಲ್ಲ.

ಅಪ್ಪನಿಗೆ ಅವಳು ಎಲ್ಲ ಹೇಳಿದಳು. ಅವರು ಪೇಪರು ಮಡಿಸಿ, ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ನಾನು ಎಷ್ಟೋ ದೊಡ್ಡವರ ಬರಹ ತಿದ್ದಿದ್ದೀನಮ್ಮ. ಆದರೆ ಪಕ್ಕದಲ್ಲಿ ಗುರುತು ಹಾಕಿ, ಬರೆದವರಿಗೆ ವಾಪಸು ಕಳಿಸ್ತಿದ್ದೆ. ಬೈತಿದ್ರು. ಬೈಸಿಕೊಳ್ಳೋದಕ್ಕೇ ನಮಗೆ ಸಂಬಳ." ಆಮೇಲೆ ಮೆಲ್ಲಗೆ ಸೇರಿಸಿದರು, "ಹೋಗಿ ಒಂದ್ಸಲ ಮಾತಾಡಿ ಬಾ. ಸಿಗದಿದ್ರೂ ಪರವಾಗಿಲ್ಲ, ಕೇಳಲಿಲ್ಲ ಅಂತ ಉಳಿಸ್ಕೋಬೇಡ."

ಅವನು ಅಕ್ಕನ ಊರಿಗೆ ಹೋಗಿದ್ದ. ಫೋನು ಎತ್ತುತ್ತಿರಲಿಲ್ಲ. ಧೈರ್ಯ ಕೂಡಿಸಿಕೊಳ್ಳಲು ಅವಳಿಗೆ ಏಳು ತಿಂಗಳು ಹಿಡಿಯಿತು. ಕೊನೆಗೆ ಅಕ್ಕನ ನಂಬರು ಹುಡುಕಿ, ಬರುತ್ತೇನೆಂದು ಹೇಳಿ, ಬೆಳಗಿನ ಬಸ್ಸು ಹಿಡಿದಳು.

ಅಕ್ಕ ದರ್ಜಿ. ಬಸ್ ನಿಲ್ದಾಣದ ಎದುರಿಗೇ ಕೆಳಗೆ ಅಂಗಡಿ, ಮೇಲೆ ಮನೆ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ಗಟ್ಟಿ ಹೆಂಗಸು. ಬಂದವಳನ್ನು ಕಂಡದ್ದೇ ಮೇಲಿನಿಂದ ಕೆಳಗೆ ಒಮ್ಮೆ ಅಳತೆ ತೆಗೆದ ಹಾಗೆ ನೋಡಿ, "ನೀನೇನಾ? ಹತ್ತು ಹೋಗು. ಬೆಳಗ್ಗೆಯಿಂದ ಎರಡು ಸಲ ಶೇವ್ ಮಾಡ್ಕೊಂಡಿದ್ದಾನೆ. ನಾನು ಮಾಡ್ತೀನಿ ಅಂದ್ರೆ ಕಚ್ಚಕ್ಕೇ ಬರ್ತಾನೆ," ಅಂದಳು.

ಅವನು ಕಿಟಕಿಯ ಪಕ್ಕ ಮೇಜಿನ ಮುಂದೆ ಕೂತಿದ್ದ. ಗಲ್ಲದ ಮೇಲೆ ಎರಡು ಕಡೆ ಬ್ಲೇಡು ತಾಗಿದ ಗೀರು. ಅವಳ ಹೆಜ್ಜೆಗೆ ಮುಖ ಎತ್ತಿದ. ಅವನ ದೃಷ್ಟಿ ಅವಳ ಭುಜದ ಮೇಲೆಲ್ಲೋ ನಿಂತಿತು. ಅವಳ ಚರ್ಮಕ್ಕೆ ಈ ಸಲ ಏನೂ ಗೊತ್ತಾಗಲಿಲ್ಲ.

"ಬೆಳಕು, ನೆರಳು ಅಷ್ಟೇ ಈಗ," ಅಂದ. "ನೀನು ನೆರಳು. ಕೂತ್ಕೋ. ಅಲ್ಲೇ ಎಲ್ಲೋ ಕುರ್ಚಿ ಇರಬೇಕು."

ಅಕ್ಕ ಎರಡು ಲೋಟ ಚಹಾ ತಂದಿಟ್ಟು ಹೋದಳು. ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕಲಸಿಹೋಯಿತು.

"ನನ್ನ ಮದುವೆ ಆಗು," ಅಂದುಬಿಟ್ಟಳು. "ಕೆಲಸ ಇಲ್ಲದಿದ್ರೂ ಪರವಾಗಿಲ್ಲ. ಕಣ್ಣಿಲ್ಲದಿದ್ರೂ ಪರವಾಗಿಲ್ಲ. ನಾನಿದ್ದೀನಿ. ಅಪ್ಪ ಒಪ್ಪಿದ್ದಾರೆ. ಇನ್ನು ಏನನ್ನೂ ಮುಚ್ಚಿಡಲ್ಲ, ಆಣೆ."

ಅವನು ಮೇಜು ಸವರಿ ಲೋಟ ಹುಡುಕಿ, ಒಂದು ಗುಟುಕು ಕುಡಿದು ಕೆಳಗಿಟ್ಟ.

"ದಿನಾ ನಿನ್ನ ನೆನಪು ಮಾಡ್ಕೋತೀನಿ. ಸುಳ್ಳು ಹೇಳಲ್ಲ. ಮುಖ ಮರೆಯಬಾರದು ಅಂತ ಒಂದೊಂದಾಗಿ ನೆನೆಸ್ಕೋತೀನಿ. ತುಟಿಯ ಮೂಲೆ ಈಚೆಗೆ ಸರಿಯಾಗಿ ಬರ್ತಿಲ್ಲ. ಆದರೆ ನಿನ್ನ ಜೊತೆ ಇದ್ರೆ, ನಾನು ಮಾಡಿದ್ದು ಯಾವುದು, ನೀನು ಮಾಡಿದ್ದು ಯಾವುದು ಅಂತ ನನಗೆ ಸಾಯೋವರೆಗೂ ಗೊತ್ತಾಗಲ್ಲ. ಅಂಗಿ ಗುಂಡಿ ಸರಿಯಾಗಿ ಹಾಕ್ಕೊಂಡೆ ಅಂದ್ಕೋತೀನಿ. ನೀನು ಹಿಂದೆಯಿಂದ ಸರಿ ಮಾಡಿರ್ತೀಯ. ಇಲ್ಲಿ ಅಕ್ಕ ಬೈತಾಳೆ. 'ಕತ್ತೆ, ಚಹಾ ಚೆಲ್ಲಿದೆ, ಒರೆಸು' ಅಂತಾಳೆ. ಒರೆಸ್ತೀನಿ. ಅದು ನಾನು ಚೆಲ್ಲಿದ್ದು, ನಾನು ಒರೆಸಿದ್ದು."

"ನಾನೂ ಬೈತೀನಿ. ಕಲೀತೀನಿ."

"ಈಗ ಲೋಟ ಸರಿಸಿದೆಯಲ್ಲ?"

ಅವಳು ತನ್ನ ಕೈ ನೋಡಿಕೊಂಡಳು. ಅವನು ಲೋಟವನ್ನು ಮೇಜಿನ ತೀರಾ ಅಂಚಿಗೆ ಇಟ್ಟಿದ್ದ. ಅವಳ ಬೆರಳು ಅದನ್ನು ಯಾವಾಗಲೋ ಒಳಗೆ ತಳ್ಳಿ, ಇನ್ನೂ ಅಲ್ಲೇ ಇತ್ತು.

"ಹೂಂ," ಅಂದಳು.

"ಸದ್ದು ಕೇಳ್ತು." ಅವನು ಮುಗುಳ್ನಕ್ಕ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಇನ್ನೊಂದು ಸಲ ಕೇಳುತ್ತಿದ್ದಳೇನೋ.

ಅವನು ಕೈ ಚಾಚಿ ಅವಳ ಮುಖ ಹುಡುಕಿದ. ಹಣೆ, ರೆಪ್ಪೆ, ಮೂಗು ದಾಟಿ ಬಂದ ಹೆಬ್ಬೆರಳು ತುಟಿಯ ಮೂಲೆಯಲ್ಲಿ ಬಹಳ ಹೊತ್ತು ನಿಂತಿತು. "ಹಾಂ, ಹೀಗಿತ್ತು," ಅಂದ. ಅವಳು ಆ ಅಂಗೈಗೆ ಒಮ್ಮೆ ಮುತ್ತಿಟ್ಟು ಎದ್ದಳು. ಇಬ್ಬರೂ 'ಮತ್ತೆ ಸಿಗೋಣ' ಅನ್ನಲಿಲ್ಲ.

ಕೆಳಗೆ ಅಕ್ಕ ಅವಳ ಮುಖ ನೋಡಿದ್ದೇ ಏನೂ ಕೇಳದೆ ರಸ್ತೆ ದಾಟಿಸಿ ಬಸ್ಸಿನವರೆಗೆ ಬಂದಳು. "ಅವನು ಹಠಮಾರಿ," ಅಂದಳು. ಆಮೇಲೆ, "ನಿನಗೆ ನನ್ನ ಕೈಯಿಂದ ಒಂದು ಮದುವೆ ಕುಪ್ಪಸ ಹೊಲೀಬೇಕು ಅಂತಿದ್ದೆ," ಅಂದವಳು ಮುಖ ತಿರುಗಿಸಿ ಅಂಗಡಿಗೆ ಹೋಗಿಬಿಟ್ಟಳು.

ನಿಲ್ದಾಣದಲ್ಲಿ ಎರಡು ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಅವಳದು ಹಿಂದಿನದು. ಕಿಟಕಿಯ ಪಕ್ಕ ಕೂತು ಮೇಲೆ ನೋಡಿದಳು. ಅವನು ಮಹಡಿಯ ಕಿಟಕಿ ತೆರೆದು ನಿಂತಿದ್ದ. ಮಧ್ಯಾಹ್ನದ ಬಿಸಿಲು ನೇರ ಅವನ ಮುಖದ ಮೇಲಿತ್ತು.

ಮುಂದೆ ನಿಂತಿದ್ದ ಬಸ್ಸು ಹಾರ್ನ್ ಹೊಡೆದು ಹೊರಟಿತು. ಅವನು ಆ ಸದ್ದಿನ ಕಡೆ ತಿರುಗಿ ಕೈ ಎತ್ತಿ ಬೀಸಿದ. ಬಸ್ಸು ನಿಲ್ದಾಣ ಬಿಟ್ಟಿತು, ರಸ್ತೆಗಿಳಿಯಿತು. ಅವನ ಕೈ ಸದ್ದಿನ ಹಿಂದೆಯೇ ಮೆಲ್ಲಗೆ ತಿರುಗುತ್ತಾ ಬೀಸುತ್ತಲೇ ಇತ್ತು. ಬಸ್ಸಿನೊಳಗಿಂದ ಯಾವುದೋ ಒಂದು ಮಗು ತಿರುಗಿ ಕೈಬೀಸಿತು.

ಅವಳ ಕೈಯಲ್ಲಿ ಫೋನಿತ್ತು. ಪರದೆಯ ಮೇಲೆ ಅವನ ನಂಬರು ಇತ್ತು. ಈಗ ಮಾಡಿದರೆ ಅವನು ಎತ್ತುತ್ತಿದ್ದ. 'ಆ ಕಡೆ ಅಲ್ಲ ಕಣೋ, ಈ ಕಡೆ' ಎಂದರೆ ಸಾಕಿತ್ತು. ಅವಳು ಬಟನ್ ಒತ್ತಲಿಲ್ಲ.

ಮೂಲೆ ತಿರುಗಿ ಸದ್ದು ಅಡಗುವವರೆಗೆ ಅವನು ಕೈ ಬೀಸಿದ. ಆಮೇಲೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಕಿಟಕಿಯ ಬಾಗಿಲನ್ನು ತಡವಿ ಎಳೆದುಕೊಂಡು ಒಳಗೆ ಹೋದ.

ಅವಳ ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇತ್ತು.